ಅಮೆರಿಕದಿಂದ ಬಂದ ‘ವಾರ್ಮ್ ಬಾಡೀಸ್’ ಡಿವಿಡಿ ನಮ್ಮ ಪ್ಲೇಯರಿನಲ್ಲಿ ಏಕೆ ಓಡುತ್ತಿಲ್ಲ?

ಪ್ರಶ್ನೆ: ನಾನು ಹಾಸನದ ಪ್ರೌಢಶಾಲೆಯೊಂದರಲ್ಲಿ ಇಂಗ್ಲಿಷ್ ಶಿಕ್ಷಕಿ. ಡಲ್ಲಾಸಿನಲ್ಲಿರುವ ನನ್ನ ತಮ್ಮ ಈಚೆಗೆ ಊರಿಗೆ ಬಂದಾಗ, ಒಂಬತ್ತನೇ ತರಗತಿಯ ನನ್ನ ಮಗಳಿಗೆಂದು ‘ವಾರ್ಮ್ ಬಾಡೀಸ್’ ಚಿತ್ರದ ಡಿವಿಡಿ ತಂದುಕೊಟ್ಟ. ಅದು ರೋಮಿಯೊ-ಜೂಲಿಯೆಟ್ ಕಥೆಯ ಜಾಂಬಿ ರೂಪವೆಂದು ಕೇಳಿ ಮಗಳಿಗೆ ಬಹಳ ಆಸೆ. ಆದರೆ ನಮ್ಮ ಬ್ಲೂ-ರೇ ಪ್ಲೇಯರಿಗೆ ಹಾಕಿದರೆ ರೀಜನ್ ಹೊಂದುವುದಿಲ್ಲ ಎಂಬ ಸಂದೇಶ ಬರುತ್ತದೆ. ರಿಪೇರಿ ಅಂಗಡಿಯವರು ಡಿಸ್ಕ್ ನಕಲಿ ಎನ್ನುತ್ತಾರೆ. ಪಕ್ಕದ ಮನೆಯವರು ವಿಮಾನ ನಿಲ್ದಾಣದ ಎಕ್ಸ್-ರೇಯಲ್ಲಿ ಕೆಟ್ಟಿರಬೇಕು ಎನ್ನುತ್ತಾರೆ. ಅದೇ ಅಂಗಡಿಯವರು ಪ್ಲೇಯರಿನ ಸಾಫ್ಟ್‌ವೇರ್ ಬದಲಿಸಿಕೊಡುತ್ತೇವೆ ಎಂದಿದ್ದಾರೆ. ತಮ್ಮ ತನ್ನ ಹಳೆಯ ಪ್ಲೇಯರನ್ನೇ ಕಳಿಸಲು ಸಿದ್ಧನಿದ್ದಾನೆ. ಡಬ್ಬಿಯೊಳಗೆ ಡಿಜಿಟಲ್ ಪ್ರತಿಗೆಂದು ಕೋಡ್ ಇರುವ ಚೀಟಿಯೂ ಇದೆ. ಬೇರೆ ದೇಶದ ಡಿವಿಡಿಯಲ್ಲಿ ಈ ಚಿತ್ರ ನಾಲ್ಕು ನಿಮಿಷ ಚಿಕ್ಕದೆಂದು ಮಗಳು ಎಲ್ಲೋ ಓದಿದ್ದಾಳೆ. ಹಾಗಾದರೆ ಪೂರ್ತಿ ಚಿತ್ರ ಯಾವುದು? ಕೊನೆಯದಾಗಿ, ಮಿದುಳು ತಿನ್ನುವ ಶವಗಳ ಈ ಕಥೆಯನ್ನು ಹದಿನಾಲ್ಕರ ಹುಡುಗಿಗೆ ತೋರಿಸಬಹುದೇ?

ಉತ್ತರ: ನಿಮ್ಮ ಪತ್ರದಲ್ಲಿ ಪ್ರಶ್ನೆಗಳು ಹಲವಿದ್ದರೂ ಅವುಗಳ ಹಿಂದಿನ ಆತಂಕ ಒಂದೇ ಎಂದು ನನಗೆ ಅನಿಸಿತು. ನಿಮ್ಮ ತಮ್ಮ ಪ್ರೀತಿಯಿಂದ ತಂದುಕೊಟ್ಟ ವಸ್ತು ಕೆಟ್ಟಿದೆಯೋ, ಕೆಟ್ಟಿಲ್ಲದಿದ್ದರೆ ಅದನ್ನು ನೋಡಲು ಹೋಗಿ ಮನೆಯ ಪ್ಲೇಯರನ್ನು ಕೆಡಿಸಿಕೊಳ್ಳುತ್ತೇವೆಯೋ ಎಂಬುದು ಆ ಆತಂಕ. ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಬೆಂಗಳೂರಿನಲ್ಲಿ ಮೊದಲು ವಿಡಿಯೊ ಲೈಬ್ರರಿ ನಡೆಸುತ್ತ, ಆಮೇಲೆ ಡಿಸ್ಕ್ ಮತ್ತು ಪ್ಲೇಯರುಗಳ ದುರಸ್ತಿ ಮಾಡುತ್ತ ಬಂದಿರುವ ನಾನು ಮೊದಲಿಗೇ ಒಂದು ಮಾತು ಹೇಳಿಬಿಡುತ್ತೇನೆ: ನೀವು ಬರೆದಿರುವ ಸಂದೇಶವೇ ನಿಮ್ಮ ಡಿಸ್ಕ್ ಆರೋಗ್ಯವಾಗಿದೆ ಎಂಬುದಕ್ಕೆ ಸಾಕ್ಷಿ. ಕೆಟ್ಟ ಡಿಸ್ಕನ್ನು ಪ್ಲೇಯರ್ ಓದಲಾರದು. ಓದಲಾಗದಿದ್ದರೆ ಅದು ಯಾವ ರೀಜನ್ನಿನದು, ಅಂದರೆ ಜಗತ್ತಿನ ಯಾವ ವಲಯದಲ್ಲಿ ಓಡಲೆಂದು ಮಾಡಿದ್ದು, ಎಂದು ತಿಳಿಯಲಾರದು. ನಿಮ್ಮ ಪ್ಲೇಯರ್ ಡಿಸ್ಕನ್ನು ಓದಿ, ಅರ್ಥಮಾಡಿಕೊಂಡು, ಆನಂತರ ತೋರಿಸಲು ನಿರಾಕರಿಸುತ್ತಿದೆ.

ಎಕ್ಸ್-ರೇ ವಿಷಯವನ್ನು ಇಲ್ಲಿಗೇ ಮುಗಿಸೋಣ. ಹಿಂದೆ ಕ್ಯಾಮೆರಾದ ಫಿಲ್ಮ್ ರೋಲುಗಳು ನಿಲ್ದಾಣದ ಎಕ್ಸ್-ರೇಗೆ ಸಿಕ್ಕಿ ಮಸುಕಾಗುತ್ತಿದ್ದುದು ನಿಜ, ಏಕೆಂದರೆ ಫಿಲ್ಮಿನ ಲೇಪನ ಆ ಕಿರಣಗಳಿಗೆ ಸ್ಪಂದಿಸುತ್ತದೆ. ಈ ಭಯ ಹುಟ್ಟಿದ್ದು ಅಲ್ಲಿಂದ. ಡಿವಿಡಿಯಲ್ಲಿ ಮಾಹಿತಿ ಇರುವುದು ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ಕಿನಲ್ಲಿ ಅಚ್ಚೊತ್ತಿದ ಅತಿ ಸಣ್ಣ ಗುಳಿಗಳ ರೂಪದಲ್ಲಿ. ಎಕ್ಸ್-ರೇ ಹಾದುಹೋದರೆ ಆ ಗುಳಿಗಳಿಗೆ ಏನೂ ಆಗುವುದಿಲ್ಲ.

ನಕಲಿ ಎಂಬ ಮಾತಿನಲ್ಲಿ ಅಂಗಡಿಯವರ ತರ್ಕ ತಲೆಕೆಳಗಾಗಿದೆ. ಕಳ್ಳಪ್ರತಿ ಮಾಡುವವರು ಸಾಮಾನ್ಯವಾಗಿ ಮೊದಲು ಮಾಡುವ ಕೆಲಸವೇ ರೀಜನ್ ಬೀಗವನ್ನು ತೆಗೆಯುವುದು. ಎಲ್ಲ ಕಡೆ ಓಡದ ಡಿಸ್ಕನ್ನು ಪಾದಚಾರಿ ಮಾರ್ಗದಲ್ಲಿ ಯಾರು ಕೊಳ್ಳುತ್ತಾರೆ? ಆದ್ದರಿಂದ ರೀಜನ್ ಕಾರಣಕ್ಕೆ ನಿಲ್ಲುವ ಡಿಸ್ಕ್ ಬಹುಮಟ್ಟಿಗೆ ಅಸಲಿಯೇ ಆಗಿರುತ್ತದೆ. ಸಂದೇಹವಿದ್ದರೆ ಡಿಸ್ಕನ್ನು ಕಿಟಕಿಯ ಬೆಳಕಿಗೆ ಹಿಡಿದು ಕೆಳಮೈಯನ್ನು ನೋಡಿ. ಕಾರ್ಖಾನೆಯಲ್ಲಿ ಅಚ್ಚೊತ್ತಿದ ಡಿಸ್ಕ್ ಬೆಳ್ಳಿಯ ಬಣ್ಣದಲ್ಲಿ, ಎರಡು ಪದರದ್ದಾದರೆ ನಸು ಹೊಂಬಣ್ಣದಲ್ಲಿ ಹೊಳೆಯುತ್ತದೆ. ಕಂಪ್ಯೂಟರಿನಲ್ಲಿ ಬರೆದ ಡಿಸ್ಕಿಗೆ ಸಾಮಾನ್ಯವಾಗಿ ನೇರಳೆ ಛಾಯೆ ಇರುತ್ತದೆ. ನಡುವಿನ ರಂಧ್ರದ ಸುತ್ತಲಿನ ಕನ್ನಡಿಯಂತಹ ಉಂಗುರದಲ್ಲಿ ಕೂದಲೆಳೆಯಷ್ಟು ಸಣ್ಣ ಅಕ್ಷರಗಳಲ್ಲಿ ಕೆತ್ತಿದ ಸಂಖ್ಯೆಯನ್ನೂ ಕಾಣಬಹುದು. ಡಬ್ಬಿಯ ಹಿಂಬದಿಯಲ್ಲಿ ಭೂಗೋಳದ ಚಿಕ್ಕ ಚಿತ್ರ, ಅದರೊಳಗೆ 1 ಎಂಬ ಅಂಕಿ ಇದ್ದರೆ ಅಲ್ಲಿಗೆ ನಿಮ್ಮ ಸಮಸ್ಯೆಯ ಕಾರಣ ಸಿಕ್ಕಂತೆ.

ಡಿವಿಡಿ ಬಂದಾಗ ಚಿತ್ರೋದ್ಯಮ ಜಗತ್ತನ್ನು ಆರು ವಲಯಗಳಾಗಿ ಹಂಚಿಕೊಂಡಿತು. ಅಮೆರಿಕ ಮತ್ತು ಕೆನಡಾ ಒಂದನೆಯ ವಲಯ, ಪಶ್ಚಿಮ ಯೂರೋಪ್, ಜಪಾನ್ ಎರಡನೆಯದು, ಭಾರತ ಐದನೆಯದು. ಏಳನ್ನು ಮುಂದಿನ ಬಳಕೆಗೆಂದು ಕಾದಿರಿಸಿ, ಎಂಟನ್ನು ವಿಮಾನ ಮತ್ತು ಹಡಗುಗಳಲ್ಲಿ ತೋರಿಸುವ ಡಿಸ್ಕುಗಳಿಗೆ ಕೊಟ್ಟರು. ಪ್ರತಿ ಡಿಸ್ಕಿನ ಮೊದಲ ಕಡತದಲ್ಲಿ ಎಂಟು ವಲಯಗಳಿಗೆ ಎಂಟು ಗುರುತುಗಳಿರುತ್ತವೆ. ಯಾವ ವಲಯದಲ್ಲಿ ಓಡಬಾರದು ಎಂಬುದನ್ನು ಅವು ಹೇಳುತ್ತವೆ. ಪ್ಲೇಯರಿನೊಳಗೆ ಅದರದೇ ವಲಯದ ಅಂಕಿ ಕಾರ್ಖಾನೆಯಲ್ಲೇ ಬರೆದಿರುತ್ತದೆ. ಎರಡನ್ನೂ ಹೋಲಿಸಿ ನೋಡುವುದಷ್ಟೇ ಯಂತ್ರದ ಕೆಲಸ.

ಇಂಥದ್ದೊಂದು ಬೀಗ ಏಕೆ ಬೇಕಾಯಿತು ಎಂಬುದಕ್ಕೆ ನಿಮ್ಮ ಕೈಯಲ್ಲಿರುವ ಚಿತ್ರವೇ ಒಳ್ಳೆಯ ಉದಾಹರಣೆ. ಐಸಾಕ್ ಮೇರಿಯನ್ ಅವರ 2010ರ ಕಾದಂಬರಿಯನ್ನು ಆಧರಿಸಿ ಜೊನಾಥನ್ ಲೆವೀನ್ ನಿರ್ದೇಶಿಸಿದ ‘ವಾರ್ಮ್ ಬಾಡೀಸ್’ ಅಮೆರಿಕದ ಚಿತ್ರಮಂದಿರಗಳಿಗೆ ಬಂದದ್ದು 2013ರ ಫೆಬ್ರವರಿ 1ರಂದು. ಅಲ್ಲಿ ಡಿವಿಡಿ ಮತ್ತು ಬ್ಲೂ-ರೇ ಮಾರಾಟಕ್ಕೆ ಬಂದದ್ದು ಅದೇ ವರ್ಷದ ಜೂನ್ 4ರಂದು, ಅಂದರೆ ನಾಲ್ಕು ತಿಂಗಳ ನಂತರ. ಆದರೆ ಜಪಾನಿನ ಚಿತ್ರಮಂದಿರಗಳನ್ನು ಈ ಚಿತ್ರ ತಲುಪಿದ್ದು ಸೆಪ್ಟೆಂಬರಿನಲ್ಲಿ. ಅಮೆರಿಕದ ಮನೆಗಳಲ್ಲಿ ಜನ ಸೋಫಾದ ಮೇಲೆ ಕೂತು ಡಿಸ್ಕ್ ನೋಡುತ್ತಿದ್ದ ಮೂರು ತಿಂಗಳ ಮೇಲೆ ಟೋಕಿಯೊದಲ್ಲಿ ಟಿಕೆಟ್ ಮಾರಾಟವಾಗಬೇಕಿತ್ತು. ಅಮೆರಿಕದ ಡಿಸ್ಕ್ ಅಲ್ಲಿ ಸರಾಗವಾಗಿ ಓಡಿದರೆ ಆ ಟಿಕೆಟ್ಟಿನ ಗತಿ ಏನು ಎಂಬ ಲೆಕ್ಕಾಚಾರದಿಂದ ಹುಟ್ಟಿದ್ದು ರೀಜನ್ ಬೀಗ. ಡಿವಿಡಿಯ ಮುಂದಿನ ಪೀಳಿಗೆಯ ಡಿಸ್ಕಾದ ಬ್ಲೂ-ರೇ ಬಂದಾಗ ವಲಯಗಳನ್ನು ಎ, ಬಿ, ಸಿ ಎಂದು ಮೂರಕ್ಕೆ ಇಳಿಸಿದರು. ಅದರಲ್ಲಿ ಅಮೆರಿಕ, ಜಪಾನ್ ಎರಡೂ ಎ ವಲಯಕ್ಕೆ ಸೇರಿದವು, ಭಾರತ ಸಿ ವಲಯದಲ್ಲಿದೆ. ಹೀಗಾಗಿ ಬ್ಲೂ-ರೇ ಪ್ಲೇಯರ್ ಕೊಂಡವರ ಮನೆಯ ಯಂತ್ರದಲ್ಲಿ ಎರಡು ಬೀಗಗಳಿರುತ್ತವೆ: ಬ್ಲೂ-ರೇ ಡಿಸ್ಕಿಗೆ ಅಕ್ಷರದ್ದು, ಡಿವಿಡಿಗೆ ಅಂಕಿಯದು. ಒಂದನ್ನು ತೆರೆದರೆ ಇನ್ನೊಂದು ತೆರೆಯುವುದಿಲ್ಲ ಎಂಬುದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ನಾಲ್ಕು ನಿಮಿಷದ ಪ್ರಶ್ನೆ ಕೇಳಿದ ನಿಮ್ಮ ಮಗಳಿಗೆ ನನ್ನ ಮೆಚ್ಚುಗೆ ತಿಳಿಸಿ. ನಮ್ಮ ಲೈಬ್ರರಿಗೆ ಬರುತ್ತಿದ್ದ ದೊಡ್ಡವರೂ ಇದೇ ಅನುಮಾನದಿಂದ ಡಿಸ್ಕ್ ಹಿಂದಿರುಗಿಸುತ್ತಿದ್ದರು, ಸೆನ್ಸಾರ್ ಕತ್ತರಿ ಹಾಕಿದೆ ಎಂದು ದೂರುತ್ತಿದ್ದರು. ಬಹಳಷ್ಟು ಸಲ ಕತ್ತರಿಸಿದವರು ಯಾರೂ ಇರುತ್ತಿರಲಿಲ್ಲ. ಸಿನಿಮಾ ಓಡುವುದು ಸೆಕೆಂಡಿಗೆ 24 ಫ್ರೇಮುಗಳ, ಅಂದರೆ ಸ್ಥಿರಚಿತ್ರಗಳ, ವೇಗದಲ್ಲಿ. ಈ ಚಿತ್ರದ ಅವಧಿ ಸುಮಾರು 98 ನಿಮಿಷ, ಅಂದರೆ 5,880 ಸೆಕೆಂಡು. 24ರಿಂದ ಗುಣಿಸಿದರೆ 1,41,120 ಫ್ರೇಮುಗಳು. ಯೂರೋಪ್, ಆಸ್ಟ್ರೇಲಿಯಾಗಳಲ್ಲಿ ಬಳಸುವ ‘ಪಾಲ್’ ಎಂಬ ಟಿವಿ ಪದ್ಧತಿಯ ಡಿವಿಡಿಯಲ್ಲಿ ಸೆಕೆಂಡಿಗೆ 25 ಫ್ರೇಮುಗಳು ಬೇಕು. ಅಲ್ಲಿನವರು ಅದೇ 1,41,120 ಫ್ರೇಮುಗಳನ್ನು ತುಸು ವೇಗವಾಗಿ, ಸೆಕೆಂಡಿಗೆ 25ರಂತೆ ಓಡಿಸುತ್ತಾರೆ. ಭಾಗಿಸಿ ನೋಡಿ, 94 ನಿಮಿಷ ಮತ್ತು ಕೆಲವು ಸೆಕೆಂಡು ಬರುತ್ತದೆ. ಒಂದು ಫ್ರೇಮೂ ಕಳೆದುಹೋಗಿಲ್ಲ. ಧ್ವನಿಯನ್ನು ಪ್ರತ್ಯೇಕವಾಗಿ ಸರಿಪಡಿಸದಿದ್ದರೆ ಅದು ಮಾತ್ರ ಅರ್ಧ ಸ್ವರಕ್ಕಿಂತ ತುಸು ಕಡಿಮೆಯಷ್ಟು ಮೇಲೇರುತ್ತದೆ. ಶ್ರುತಿಜ್ಞಾನ ಇರುವವರಿಗೆ, ಅದರಲ್ಲೂ ಹಳೆಯ ರೆಕಾರ್ಡುಗಳ ಹಾಡುಗಳು ತುಂಬಿರುವ ಈ ಚಿತ್ರದಲ್ಲಿ, ಅದು ಕಿವಿಗೆ ತಾಗಬಹುದು.

ನಿಮ್ಮ ಅಮೆರಿಕದ ಡಿಸ್ಕ್ ಅಲ್ಲಿನ ಎನ್‌ಟಿಎಸ್‌ಸಿ ಎಂಬ ಟಿವಿ ಪದ್ಧತಿಯದು. ಅಲ್ಲಿ ಫ್ರೇಮುಗಳ ಅರೆಭಾಗಗಳನ್ನು ಒಮ್ಮೆ ಎರಡು ಸಲ, ಒಮ್ಮೆ ಮೂರು ಸಲ ತೋರಿಸಿ 24 ಫ್ರೇಮುಗಳನ್ನು ಆ ಪದ್ಧತಿಯ ಲೆಕ್ಕಕ್ಕೆ ಸರಿದೂಗಿಸುವುದರಿಂದ ಅವಧಿ ಬದಲಾಗುವುದಿಲ್ಲ. ಕ್ಯಾಮೆರಾ ನಿಧಾನವಾಗಿ ಅಡ್ಡ ಸರಿಯುವಾಗ ಮಾತ್ರ ಚಿತ್ರ ಸ್ವಲ್ಪ ತಡವರಿಸಿದಂತೆ ಕಾಣುತ್ತದೆ. ಈಗಿನ ಎಲ್‌ಇಡಿ ಟಿವಿಗಳು ಎರಡೂ ಪದ್ಧತಿಯನ್ನು ಒಪ್ಪುತ್ತವೆ. ಹಳೆಯ ಟ್ಯೂಬ್ ಟಿವಿ ಇಟ್ಟುಕೊಂಡವರು ಮಾತ್ರ ಈ ಬಗ್ಗೆ ಯೋಚಿಸಬೇಕು.

ಇನ್ನು ದಾರಿಗಳು. ಅಂಗಡಿಯವರು ಹೇಳಿದ ಸಾಫ್ಟ್‌ವೇರ್ ಬದಲಾವಣೆಯಿಂದ ಆರಂಭಿಸುತ್ತೇನೆ, ಏಕೆಂದರೆ ಅದೇ ಹೆಚ್ಚು ಅಪಾಯದ್ದು. ಕೆಲವು ಪ್ಲೇಯರುಗಳಲ್ಲಿ ರಿಮೋಟಿನಿಂದ ಅಂಕಿಗಳನ್ನು ಒತ್ತಿದರೆ ತೆರೆಯುವ ಒಂದು ಮರೆಯ ಮೆನು ಇರುತ್ತದೆ. ಅಲ್ಲಿ ವಲಯವನ್ನು ಬದಲಿಸಬಹುದು. ನಿಮ್ಮ ಮಾದರಿಗೆ ಅಂಥದ್ದು ಇದ್ದರೆ ತೊಂದರೆಯಿಲ್ಲ. ಆದರೆ ಯಂತ್ರದ ಮೂಲ ತಂತ್ರಾಂಶವನ್ನೇ ಅಳಿಸಿ ಬೇರೆಯದನ್ನು ತುಂಬುವುದು, ಅಂದರೆ ಅಂಗಡಿಯವರ ಮಾತಿನಲ್ಲಿ ‘ಫ್ಲ್ಯಾಶ್’ ಮಾಡುವುದು, ಬೇರೆ ವಿಷಯ. ಮಾದರಿ ಸಂಖ್ಯೆಯ ಕೊನೆಯ ಒಂದು ಅಕ್ಷರ ತಪ್ಪಿದರೂ, ಅಥವಾ ತುಂಬುತ್ತಿರುವಾಗ ಕರೆಂಟ್ ಹೋದರೂ ಯಂತ್ರ ಮತ್ತೆ ಏಳುವುದಿಲ್ಲ. ಕಂಪನಿಯ ಲಾಂಛನ ತೋರಿಸಿ ಅಲ್ಲೇ ನಿಂತುಬಿಡುವ ಇಂತಹ ಎಷ್ಟೋ ಪ್ಲೇಯರುಗಳು ನನ್ನ ಮೇಜಿಗೆ ಬಂದಿವೆ. ಅವುಗಳಲ್ಲಿ ಹೆಚ್ಚಿನವನ್ನು ಮರಳಿ ತರಲು ನನ್ನಿಂದ ಆಗಲಿಲ್ಲ. ಇದರ ಮೇಲೆ ವಾರಂಟಿಯೂ ಹೋಗುತ್ತದೆ. ಒಂದು ಡಿಸ್ಕಿಗಾಗಿ ಇಡೀ ಯಂತ್ರವನ್ನು ಪಣಕ್ಕಿಡಬೇಡಿ ಎಂಬುದು ನನ್ನ ಸಲಹೆ.

ತಮ್ಮನ ಹಳೆಯ ಪ್ಲೇಯರ್ ಒಳ್ಳೆಯ ದಾರಿಯೇ, ಆದರೆ ಅವರು ಅದನ್ನು ಪೆಟ್ಟಿಗೆಗೆ ತುಂಬುವ ಮೊದಲು ಅದರ ಬೆನ್ನಿನ ಮೇಲಿನ ಚೀಟಿಯನ್ನು ಫೋಟೊ ತೆಗೆದು ಕಳಿಸಲಿ. ಅಲ್ಲಿ 100-240 ವೋಲ್ಟ್, 50/60 ಹರ್ಟ್ಸ್ ಎಂದಿದ್ದರೆ ಪಿನ್ ಬದಲಿಸುವ ಅಡಾಪ್ಟರ್ ಸಾಕು. 120 ವೋಲ್ಟ್, 60 ಹರ್ಟ್ಸ್ ಎಂದಷ್ಟೇ ಇದ್ದರೆ ನಮ್ಮ 230 ವೋಲ್ಟಿನ ಸಾಕೆಟ್ಟಿಗೆ ಅದನ್ನು ನೇರವಾಗಿ ಚುಚ್ಚಲೇಬಾರದು. ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್ ಬೇಕು. ಅಡಾಪ್ಟರ್ ಹಾಕಿದ್ದೇನಲ್ಲ ಎಂದು ನಂಬಿ ಸ್ವಿಚ್ ಒತ್ತಿದ ಒಬ್ಬರು ಸುಟ್ಟ ವಾಸನೆಯ ಪ್ಲೇಯರನ್ನು ನನ್ನಲ್ಲಿಗೆ ತಂದಿದ್ದರು. ಬಿಚ್ಚಿ ನೋಡಿದರೆ ಒಳಗಿನ ಕೆಪಾಸಿಟರ್ ನೆತ್ತಿ ಉಬ್ಬಿ ಒಡೆದು, ಬೋರ್ಡಿನ ಮೇಲೆ ಕಂದು ದ್ರವ ಹರಡಿತ್ತು. ಅಡಾಪ್ಟರ್ ಬದಲಿಸುವುದು ಪಿನ್ನಿನ ಆಕಾರವನ್ನಷ್ಟೇ.

ನಾನು ನಿಮಗೆ ಮೊದಲು ಸೂಚಿಸುವ ದಾರಿ ಮೂರನೆಯದು. ಲ್ಯಾಪ್‌ಟಾಪಿಗೆ ಯುಎಸ್‌ಬಿಯಿಂದ ಜೋಡಿಸುವ ಡಿವಿಡಿ ಡ್ರೈವ್ ಎರಡು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಗುತ್ತದೆ. ಕಂಪ್ಯೂಟರ್ ಡ್ರೈವುಗಳಿಗೂ ವಲಯವಿದೆ, ಆದರೆ ಬಳಕೆದಾರರೇ ಅದನ್ನು ಐದು ಸಲ ಬದಲಿಸಬಹುದು. ಐದನೆಯ ಸಲ ಯಾವುದನ್ನು ಆರಿಸುತ್ತೀರೋ ಡ್ರೈವ್ ಶಾಶ್ವತವಾಗಿ ಅಲ್ಲೇ ನಿಲ್ಲುತ್ತದೆ. ಆದ್ದರಿಂದ ಒಂದು ಡ್ರೈವನ್ನು ಅಮೆರಿಕದ ಡಿಸ್ಕುಗಳಿಗೇ ಮೀಸಲಿಡಿ. ವಿಂಡೋಸ್ ಇದ್ದರೆ ಡಿಸ್ಕನ್ನು ಡ್ರೈವಿನೊಳಗಿಟ್ಟು, ಡಿವೈಸ್ ಮ್ಯಾನೇಜರಿನಲ್ಲಿ ಆ ಡ್ರೈವಿನ ಪ್ರಾಪರ್ಟೀಸ್ ತೆರೆದು, ಡಿವಿಡಿ ರೀಜನ್ ಎಂಬ ಹಾಳೆಯಲ್ಲಿ ಅಮೆರಿಕವನ್ನು ಆರಿಸಿ. ಇನ್ನೆಷ್ಟು ಸಲ ಬದಲಿಸಬಹುದು ಎಂಬ ಅಂಕಿ ಅದೇ ಹಾಳೆಯಲ್ಲಿ ಕಾಣುತ್ತದೆ. ಮಗಳ ಕೈಗೆ ಕೊಡುವ ಮೊದಲು ಅದನ್ನು ಅವಳಿಗೆ ತೋರಿಸಿ. ವಿಂಡೋಸ್ 8ರಿಂದೀಚೆಗೆ ಡಿವಿಡಿ ಚಿತ್ರ ತೋರಿಸುವ ತಂತ್ರಾಂಶ ಜೊತೆಗೇ ಬರುವುದಿಲ್ಲವಾದ್ದರಿಂದ ಪರವಾನಗಿ ಇರುವ ಒಂದು ಪ್ಲೇಯರ್ ತಂತ್ರಾಂಶವನ್ನು ಬೇರೆಯಾಗಿ ಹಾಕಿಕೊಳ್ಳಬೇಕಾಗುತ್ತದೆ. ಆಮೇಲೆ ಎಚ್‌ಡಿಎಂಐ ಕೇಬಲ್ ಎಳೆದು ಟಿವಿಗೆ ಜೋಡಿಸಿದರೆ ಹಾಲ್‌ನಲ್ಲಿ ಕೂತು ಎಲ್ಲರೂ ನೋಡಬಹುದು. ನಿಮ್ಮ ತಮ್ಮ ಮುಂದೆಯೂ ಡಿಸ್ಕುಗಳನ್ನು ತರುವುದಾದರೆ ಎಲ್ಲ ವಲಯದ ಡಿವಿಡಿಗಳನ್ನು ಓಡಿಸುವ ಪ್ಲೇಯರನ್ನೇ ಕೊಳ್ಳುವ ಯೋಚನೆ ಮಾಡಬಹುದು. ಅಲ್ಲಿ ಮೇಲೆ ಹೇಳಿದ ಎರಡು ಬೀಗಗಳ ಮಾತು ಬರುತ್ತದೆ: ‘ರೀಜನ್ ಫ್ರೀ’ ಎಂದು ಮಾರುವ ಬ್ಲೂ-ರೇ ಯಂತ್ರಗಳಲ್ಲಿ ಕೆಲವು ಡಿವಿಡಿಯ ಅಂಕಿಯನ್ನು ಮಾತ್ರ ತೆರೆದಿರುತ್ತವೆ. ಎರಡೂ ತೆರೆದಿದೆಯೇ ಎಂದು ಕೇಳಿ, ನಿಮ್ಮದೇ ಡಿಸ್ಕ್ ಹಾಕಿ ನೋಡಿದ ಮೇಲೆ ಹಣ ಕೊಡಿ.

ಡಿಸ್ಕಿನ ಬೀಗ ಒಡೆದು ಪ್ರತಿ ಮಾಡಿಕೊಡುತ್ತೇವೆ ಎನ್ನುವವರೂ ಸಿಗಬಹುದು. 2012ರಲ್ಲಿ ತಿದ್ದುಪಡಿಯಾದ ನಮ್ಮ ಕೃತಿಸ್ವಾಮ್ಯ ಕಾಯ್ದೆ, ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಇಂತಹ ತಾಂತ್ರಿಕ ರಕ್ಷಣೆಯನ್ನು ಮುರಿಯುವುದಕ್ಕೆ ಎರಡು ವರ್ಷದವರೆಗೆ ಸೆರೆ ಮತ್ತು ದಂಡ ವಿಧಿಸುತ್ತದೆ. ನಿಮ್ಮ ಉದ್ದೇಶ ಅದಲ್ಲ ಎಂಬುದು ನನಗೆ ಗೊತ್ತು. ಆದರೆ ಹಣ ಪಡೆದು ಪ್ರತಿ ಮಾಡುವ ಅಂಗಡಿಯವರ ಉದ್ದೇಶಕ್ಕೆ ನೀವು ಹೊಣೆ ನಿಲ್ಲಲಾರಿರಿ.

ಕೋಡ್ ಚೀಟಿಯಿಂದ ಹೆಚ್ಚು ನಿರೀಕ್ಷಿಸಬೇಡಿ. ಆ ಕಾಲದ ಡಿಸ್ಕುಗಳ ಜೊತೆ ಬರುತ್ತಿದ್ದ ಡಿಜಿಟಲ್ ಪ್ರತಿಗಳು ಅಲ್ಟ್ರಾವಯೊಲೆಟ್ ಎಂಬ ವ್ಯವಸ್ಥೆಯನ್ನು ನೆಚ್ಚಿಕೊಂಡಿದ್ದವು. ಅದು 2019ರ ಜುಲೈ 31ರಂದು ಮುಚ್ಚಿಹೋಯಿತು. ಭಾರತಕ್ಕೆ ಆ ಸೇವೆ ಬಂದೇ ಇರಲಿಲ್ಲ. ಚೀಟಿಯ ಮೇಲೆ ಕೊನೆಯ ದಿನಾಂಕವೂ ಮುದ್ರಿತವಾಗಿರುತ್ತದೆ. ನಿಮ್ಮ ತಮ್ಮ ಅಮೆರಿಕದ ತನ್ನ ಖಾತೆಯಲ್ಲಿ ಒಮ್ಮೆ ಪ್ರಯತ್ನಿಸಲಿ, ಸಿಕ್ಕರೆ ಅವರಿಗೆ ಲಾಭ. ನೀವು ಮಾತ್ರ ಆ ಕೋಡನ್ನು ಗೂಗಲಿನಲ್ಲಿ ಸಿಕ್ಕ ಯಾವುದೋ ತಾಣದಲ್ಲಿ ನಮೂದಿಸಿ, ಜೊತೆಗೆ ಕಾರ್ಡಿನ ವಿವರ ಕೇಳಿದರೆಂದು ಅದನ್ನೂ ಕೊಡಬೇಡಿ. ಸ್ಟ್ರೀಮಿಂಗಿನಲ್ಲಿ ಬಾಡಿಗೆಗೆ ಪಡೆಯುವುದು ಎಲ್ಲಕ್ಕಿಂತ ಸುಲಭ; ಆದರೆ ಚಿತ್ರಗಳ ಹಕ್ಕು ಆಗಾಗ ಕೈಬದಲಾಗುವುದರಿಂದ ಈ ತಿಂಗಳು ಇದ್ದದ್ದು ಮುಂದಿನ ತಿಂಗಳು ಇರುತ್ತದೆಂಬ ಭರವಸೆಯಿಲ್ಲ.

ಈ ಚಿತ್ರದ ಡಿಸ್ಕನ್ನು ಉಳಿಸಿಕೊಳ್ಳಿ ಎಂದು ನಾನು ಒತ್ತಿ ಹೇಳುವುದಕ್ಕೆ ಇನ್ನೊಂದು ಕಾರಣವಿದೆ. ನಿಕೊಲಸ್ ಹೋಲ್ಟ್ ನಟಿಸಿರುವ ಆರ್ ಎಂಬ ಜಾಂಬಿ ತರುಣ ಪಾಳುಬಿದ್ದ ವಿಮಾನ ನಿಲ್ದಾಣದಲ್ಲಿ ನಿಂತುಹೋದ ಒಂದು ವಿಮಾನವನ್ನು ಮನೆ ಮಾಡಿಕೊಂಡಿದ್ದಾನೆ. ಅದರ ತುಂಬ ಹಳೆಯ ರೆಕಾರ್ಡುಗಳು. ಆ ನಿಲ್ದಾಣ ಸೆಟ್ಟಲ್ಲ. ಮಾಂಟ್ರಿಯಲ್ ಹತ್ತಿರದ ಮಿರಾಬೆಲ್‌ನಲ್ಲಿ 1975ರಲ್ಲಿ ತೆರೆದು, 2004ರಲ್ಲಿ ಪ್ರಯಾಣಿಕ ವಿಮಾನಗಳು ನಿಂತ ಮೇಲೆ ಖಾಲಿ ಬಿದ್ದಿದ್ದ ನಿಜವಾದ ನಿಲ್ದಾಣ ಅದು. ಚಿತ್ರ ತೆರೆಕಂಡ ಮರುವರ್ಷ, 2014ರಲ್ಲಿ, ಆ ಕಟ್ಟಡವನ್ನು ಕೆಡವಲು ಆರಂಭಿಸಿದರು. ಆ ಉದ್ದನೆಯ ಬರಿದು ಹಜಾರಗಳನ್ನು ಇನ್ನು ನೋಡಬೇಕಾದರೆ ಇಂತಹ ಚಿತ್ರಗಳಲ್ಲೇ ನೋಡಬೇಕು.

ಈಗ ಮಗಳ ವಯಸ್ಸಿನ ಪ್ರಶ್ನೆ. ಅಮೆರಿಕದಲ್ಲಿ ಜಾಂಬಿ ಹಿಂಸೆ ಮತ್ತು ಕೆಲವು ಒರಟು ಮಾತುಗಳ ಕಾರಣಕ್ಕೆ ಈ ಚಿತ್ರಕ್ಕೆ ಪಿಜಿ-13 ದರ್ಜೆ ಕೊಟ್ಟಿದ್ದಾರೆ. ಹದಿಮೂರಕ್ಕಿಂತ ಚಿಕ್ಕವರ ವಿಷಯದಲ್ಲಿ ಹೆತ್ತವರು ಯೋಚಿಸಬೇಕು ಎಂಬುದು ಅದರ ಅರ್ಥ. ಆರಂಭದ ದಾಳಿಯಲ್ಲಿ ಆರ್, ಪೆರಿ ಎಂಬ ಹುಡುಗನನ್ನು ಕೊಂದು ಅವನ ಮಿದುಳನ್ನು ತಿನ್ನುತ್ತಾನೆ. ತಿಂದಾಗ ಪೆರಿಯ ನೆನಪುಗಳು ಇವನಿಗೆ ಬರುತ್ತವೆ, ಆ ನೆನಪುಗಳಿಂದ ಪೆರಿಯ ಗೆಳತಿ ಜೂಲಿಯ ಮೇಲಿನ ಮಮತೆ ಇನ್ನಷ್ಟು ಗಟ್ಟಿಯಾಗುತ್ತದೆ. ಗುಂಡಿನ ಕಾಳಗಗಳಿವೆ, ಅಸ್ಥಿಪಂಜರದಂತಹ ಜೀವಿಗಳು ಅಟ್ಟಿಸಿಕೊಂಡು ಬರುತ್ತವೆ. ಜೂಲಿ ಒದ್ದೆ ಬಟ್ಟೆ ಕಳಚಿ ಒಳಉಡುಪಿನಲ್ಲಿ ಮಲಗುವ ಒಂದು ದೃಶ್ಯವಿದೆ. ಅದಕ್ಕಿಂತ ಮುಂದಿನದ್ದೇನೂ ಇಲ್ಲ. ನನ್ನ ದೃಷ್ಟಿಯಲ್ಲಿ ಹದಿನಾಲ್ಕರ ಹುಡುಗಿ ತಾಯಿಯ ಜೊತೆ ಕೂತು ನೋಡಬಹುದಾದ ಚಿತ್ರ ಇದು. ರಕ್ತಕ್ಕಿಂತ ಹೆಚ್ಚು ಮಾತನಾಡಬೇಕಾದ ಸಂಗತಿ ಬೇರೆಯೇ ಇದೆ. ಹೊರಗೆ ಅಪಾಯವಿದೆ ಎಂದು ಆರ್ ಅವಳನ್ನು ಕೆಲವು ದಿನ ವಿಮಾನದಲ್ಲೇ ಉಳಿಸಿಕೊಳ್ಳುತ್ತಾನೆ, ಪೆರಿಯನ್ನು ಕೊಂದವನು ತಾನೇ ಎಂಬುದನ್ನು ಮುಚ್ಚಿಡುತ್ತಾನೆ. ಕೊನೆಗೆ ಅವನು ಒಪ್ಪಿಕೊಂಡಾಗ ಜೂಲಿ ಅವನನ್ನು ಬಿಟ್ಟು ಹೊರಟುಹೋಗುತ್ತಾಳೆ. ಅವಳು ಹೋದದ್ದು ಸರಿಯೇ ಎಂದು ಮಗಳನ್ನು ಕೇಳಿ ನೋಡಿ. ಆರ್‌ಗೆ ರೋಮಿಯೊ, ಜೂಲಿಗೆ ಜೂಲಿಯೆಟ್, ಪೆರಿಗೆ ಷೇಕ್ಸ್‌ಪಿಯರ್ ನಾಟಕದ ಪ್ಯಾರಿಸ್, ಆರ್‌ನ ಗೆಳೆಯ ಎಂಗೆ ಅದೇ ನಾಟಕದ ಮರ್ಕ್ಯೂಶಿಯೊ ಎಂಬ ಜೋಡಿಗಳನ್ನು ಗುರುತಿಸುವ ಕೆಲಸವನ್ನು, ನೀವು ಇಂಗ್ಲಿಷ್ ಶಿಕ್ಷಕಿಯಾದ್ದರಿಂದ, ನಿಮಗೇ ಬಿಡುತ್ತೇನೆ. ಬಾಲ್ಕನಿಯ ದೃಶ್ಯ ಬಂದಾಗ ಅವಳೇ ಹಿಡಿಯುತ್ತಾಳೆ.

ಅಮೆರಿಕದ ಬ್ಲೂ-ರೇ ಆವೃತ್ತಿಯಲ್ಲಿ ನಿರ್ದೇಶಕರು ಮತ್ತು ಇಬ್ಬರು ಮುಖ್ಯ ನಟರ ವ್ಯಾಖ್ಯಾನ, ಕೈಬಿಟ್ಟ ದೃಶ್ಯಗಳು, ನಾಯಕಿ ತೆರೀಸಾ ಪಾಮರ್ ಚಿತ್ರೀಕರಣದ ವೇಳೆ ತೆಗೆದ ವಿಡಿಯೊಗಳು, ಜಾಂಬಿ ಮೇಕಪ್ ಕುರಿತ ಒಂದು ಕಿರುಚಿತ್ರ ಇವೆ. ನಿಮ್ಮ ಡಿವಿಡಿಯಲ್ಲಿ ಇವುಗಳಲ್ಲಿ ಯಾವುವು ಇವೆ ಎಂಬ ಪಟ್ಟಿ ಡಬ್ಬಿಯ ಹಿಂಬದಿಯಲ್ಲಿ ಇರುತ್ತದೆ. ಮೇಕಪ್ಪಿನ ಆ ತುಣುಕು ಇದ್ದರೆ, ಮಗಳಿಗೆ ಭಯವಾದೀತೆಂಬ ಅಳುಕು ನಿಮಗಿದ್ದರೆ, ಚಿತ್ರಕ್ಕಿಂತ ಮೊದಲು ಅದನ್ನೇ ಹಾಕಿ. ಕುರ್ಚಿಯಲ್ಲಿ ಕೂತ ಮನುಷ್ಯನ ಮುಖಕ್ಕೆ ಬಣ್ಣ ಬಳಿದು ಜಾಂಬಿ ಮಾಡುವುದನ್ನು ನೋಡಿದ ಮಕ್ಕಳು ಆಮೇಲೆ ಚಿತ್ರದಲ್ಲಿ ಅದೇ ಮುಖಕ್ಕೆ ಅಷ್ಟಾಗಿ ಹೆದರದೆ ಇರುವುದನ್ನು ನಮ್ಮ ಲೈಬ್ರರಿಯ ದಿನಗಳಲ್ಲಿ ಅನೇಕ ಹೆತ್ತವರು ನನಗೆ ಹೇಳಿದ್ದಾರೆ.